ಅಂಚೆಚೀಟಿಯ ಕವಿ ಮತ್ತು ಗೋಪಾಲನ್ ಮಾಷ್

ಕೋವಿಡ್ ಗಲಾಟೆ ಮುಗಿದ ಮರುವರ್ಷ. ನಾನಾಗ ಮಲೇಷ್ಯಾದ ನಿಲಾಯ್‌ನಲ್ಲಿ ಒಂದು ಖಾಸಗಿ ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಕೆಲಸ. ಊರು ಬಂಟ್ವಾಳ, ಮನೆಮಾತು ಬ್ಯಾರಿ.

ಆಗ ನನ್ನ ಬಳಿ ಬಂದವರು ಗೋಪಾಲನ್ ಮಾಷ್. ಹರೆಯದಲ್ಲೇ ಕೇರಳ ಬಿಟ್ಟು ಬಂದು, ಇಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರು; ಮಲಯಾಳಿಗಳ ಬಾಯಲ್ಲಿ ಮೇಷ್ಟ್ರು ಅಂದರೆ ಮಾಷ್. ಅವರಿಗಾಗಿದ್ದುದು ಅಫೇಸಿಯಾ: ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಬಾಯಿಗೆ ಪದ ಮಾತ್ರ ಬರುತ್ತಿರಲಿಲ್ಲ. ಲೋಟ, ಕುರ್ಚಿ, ಬೆಕ್ಕಿನ ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಹೆಸರು ಕೇಳುತ್ತಿದ್ದೆ. ವಾರಗಳು ಕಳೆದರೂ ಒಂದು ಪದ ಹೊರಡಲಿಲ್ಲ. ಕೊನೆಕೊನೆಗೆ ಅವರು ಚಿತ್ರ ನೋಡುವುದನ್ನೇ ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸತೊಡಗಿದರು.

ಮಗಳು ಶ್ಯಾಮಲಾ ಒಂದು ದಿನ ಹೇಳಿಯೇಬಿಟ್ಟರು: "ಸಾಕು ಮೇಡಂ. ಅಪ್ಪನಿಗೆ ಹಿಂಸೆ ಆಗ್ತಿದೆ. ಇನ್ನೊಂದು ಸಲ ಬರ್ತೀವಿ, ಅಷ್ಟೇ."

"ಬರುವಾಗ ಅವರಿಗೆ ತುಂಬ ಇಷ್ಟವಾದ ವಸ್ತು ಏನಾದ್ರೂ ತನ್ನಿ," ಎಂದೆ.

ತಂದದ್ದು ಪುಟ್ಟ ಫ್ರೇಮು. ಒಳಗೆ ಭಾರತದ ಅಂಚೆಚೀಟಿ, ಅದರಲ್ಲಿ ಹಿರಿಯರೊಬ್ಬರ ಮುಖ.

"ಯಾರೋ ಮಲಯಾಳಂ ಕವಿ ಲಾ," ಎಂದರು ಶ್ಯಾಮಲಾ, ಇಲ್ಲಿಯವರಂತೆ ಕೊನೆಗೊಂದು 'ಲಾ' ಸೇರಿಸಿ. "ಸಾಹಿತ್ಯ ಚರಿತ್ರೆಯನ್ನೂ ಬರೆದಿದ್ದಾರಂತೆ. ಕಾಲೇಜಲ್ಲಿ ಅಪ್ಪನಿಗೆ ಪಾಠ ಮಾಡಿದವರು. ನಂಗೆ ಮಲಯಾಳಂ ಅಷ್ಟಾಗಿ ಬರಲ್ಲ. ಮನೇಲಿ ಇಂಗ್ಲಿಷೇ."

ಫ್ರೇಮನ್ನು ಮಾಷ್ ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಗಾಜು ಒರೆಸಿದರು. ಆಮೇಲೆ ಮೆಲ್ಲಗೆ ರಾಗ ಎಳೆದರು. ರಾಗದ ಜೊತೆ ಪದಗಳೂ ಬಂದವು! ಒಂದೂ ತಡವರಿಸದೆ ನಾಲ್ಕು ಸಾಲಿನ ಪದ್ಯ, ಆ ಕವಿಯದೇ ಇರಬೇಕು. ಬ್ಯಾರಿಗೂ ಮಲಯಾಳಕ್ಕೂ ಹತ್ತಿರದ ನಂಟು. ಹೊಳೆ, ದೋಣಿ, ಅಮ್ಮ ಅನ್ನುವಷ್ಟು ನನಗೂ ತಿಳಿಯಿತು.

"ಅಪ್ಪನಿಗೆ ಮಾತು ಬಂತು!" ಶ್ಯಾಮಲಾ ಎದ್ದು ನಿಂತರು.

ನಿಜ ಹೇಳಲೇಬೇಕಾಯಿತು. ಹಾಡು ಮಿದುಳಿನ ಬೇರೆ ಭಾಗಗಳನ್ನೂ ಬಳಸಿಕೊಳ್ಳುತ್ತದೆ. ಪದ್ಯ ಬಂದ ಮಾತ್ರಕ್ಕೆ ಮಾತು ಬಂದಂತಲ್ಲ. "ಆದ್ರೆ ಒಂದು ದಾರಿ ಕಾಣ್ತಿದೆ. ನೀವೂ ಮಲಯಾಳಂನಲ್ಲಿ ಹಾಡಬೇಕಾಗುತ್ತೆ."

"ನಾನಾ?"

ಅಪ್ಪ ಹಾಡಿದ್ದನ್ನು ಶ್ಯಾಮಲಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕಲಿತರು. ಸಾಲಿನ ಕೊನೆಯ ಪದಕ್ಕೆ ಅವರು ನಿಲ್ಲಿಸುವುದು, ಮಾಷ್ ಅದನ್ನು ತುಂಬುವುದು. ಉಚ್ಚಾರ ತಪ್ಪಿದರೆ ಮಾಷ್ ಹುಬ್ಬು ಗಂಟಿಕ್ಕುವರು. ಮುಂದೆ ಅದೇ ರಾಗಕ್ಕೆ ನೀರು, ನೋವು, ನಿದ್ದೆ ಎಲ್ಲವನ್ನೂ ಕೂಡಿಸಿದೆವು.

ಕೆಲವು ತಿಂಗಳ ಮೇಲೆ ನಡೆದದ್ದು ಶ್ಯಾಮಲಾ ಹೇಳಿ ತಿಳಿಯಿತು: ಒಂದು ಬೆಳಿಗ್ಗೆ ಮನೆಯಲ್ಲಿ ಅವರು ಎಂದಿನಂತೆ ಓಟ್ಸ್ ಡಬ್ಬಿ ತೆರೆದು ರಾಗದಲ್ಲೇ "ಬೇಕಾ?" ಎಂದು ಕೇಳಿದರು. ಮಾಷ್ ರಾಗವಿಲ್ಲದೆ ಹೇಳಿದರು: "ಓಟ್ಸ್ ವೇಂಡ. ಕಂಞಿ."

ಓಟ್ಸ್ ಬೇಡ, ಗಂಜಿ. ಶ್ಯಾಮಲಾ ಚಮಚ ಕೆಳಗಿಟ್ಟು ಅಪ್ಪನ ತೊಡೆಯ ಮೇಲೆ ಮುಖವಿಟ್ಟರು.

ಪೂರ್ತಿ ಮಾತು ಮಾಷ್‌ಗೆ ಕೊನೆಗೂ ಬರಲಿಲ್ಲ. ಬೇಕು ಬೇಡ ಹೇಳುವಷ್ಟು, ಮಗಳನ್ನು ಹೆಸರು ಹಿಡಿದು ಕರೆಯುವಷ್ಟು ಬಂತು. ಈಗ ಯಾವ ರೋಗಿ ಬಂದರೂ ಚಿತ್ರಗಳನ್ನು ಹೊರತೆಗೆಯುವ ಮೊದಲು ಮನೆಯವರನ್ನು ಕೇಳುತ್ತೇನೆ: "ಚಿಕ್ಕಂದಿನಲ್ಲಿ ಇವರು ಯಾವ ಭಾಷೆಯಲ್ಲಿ ಹಟ ಮಾಡ್ತಿದ್ರು?"