ಅಂಚಿನ ಭಾರ
ನಮ್ಮ ಬೀದಿಯ ಕೊನೆಯಲ್ಲಿರುವ ಟೈರ್ ಅಂಗಡಿಯವರಿಗೆ ಗಿರಾಕಿಗಳು ಇಟ್ಟ ಹೆಸರು ಚಕ್ರವರ್ತಿ. ರಾಜ್ಯವೆಂದರೆ ಎರಡು ಜಾಕು, ಒಂದು ಗಾಳಿ ಪಂಪು, ಸಿಂಹಾಸನವೆಂದರೆ ಒಂದರ ಮೇಲೊಂದಿಟ್ಟ ಮೂರು ಸವೆದ ಟೈರು. ಸ್ಪೋರ್ಟ್ಸ್ ಕಾರು ತಂದು "ಅಂಕಲ್, ಎರಡಿಂಚು ದೊಡ್ಡ ವೀಲ್ ಹಾಕಿ" ಎಂದವರನ್ನು ಅವರು ಮೊದಲು ಓಡಿಸುತ್ತಾರೆ. ಒಂದು ಕಿಲೋ ಸೀಸವನ್ನು ಹೆಗಲ ಚೀಲದಲ್ಲಿಟ್ಟು ಗೇಟಿನವರೆಗೆ ಒಂದು ಓಟ, ಅದೇ ಸೀಸವನ್ನು ಬೂಟಿಗೆ ಕಟ್ಟಿ ಇನ್ನೊಂದು. ಏದುಸಿರು ಬಿಡುತ್ತ ಮರಳಿದವನಿಗೆ ಆಮೇಲೆ ಪಾಠ: "ಭಾರ ಅದೇ ಕಣಪ್ಪಾ, ಇಟ್ಟ ಜಾಗ ಬೇರೆ. ದೊಡ್ಡ ಚಕ್ರ ನೋಡೋಕೆ ಚೆಂದ, ಆದ್ರೆ ಭಾರವೆಲ್ಲ ಅಂಚಿಗೆ ಹೋಗುತ್ತೆ, ನಿಂತಲ್ಲಿಂದ ಏಳೋಕೇ ಇಂಜಿನ್ ಹೆಣಗುತ್ತೆ. ಚಿಕ್ಕದು, ಹಗುರದ್ದು ಹಾಕ್ಕೋ, ಹಿಡಿತಕ್ಕೆ ಟೈರು ಒಂಚೂರು ಅಗಲ ಇರಲಿ. ನೂರರ ವೇಗ ಮುಟ್ಟೋದ್ರಲ್ಲಿ ಕಾಲು ಸೆಕೆಂಡ್ ಉಳಿಯುತ್ತೆ." "ಕಾಲು ಸೆಕೆಂಡಿಗೆ ಇಷ್ಟುದ್ದ ಭಾಷಣಾನಾ ಸ್ವಾಮೀ?" ಎಂದು ನಾನೊಮ್ಮೆ ಕೆಣಕಿದೆ. ಅವರು ನಗಲಿಲ್ಲ; ಮಡಿಲಲ್ಲಿದ್ದ ಹೆಣ್ಣುಮಕ್ಕಳ ಬೂಟೊಂದರ ಅಟ್ಟೆಯನ್ನು ಹೆರೆಯುತ್ತಲೇ ಇದ್ದರು. ಅಪಘಾತದಲ್ಲಿ ಪಾದ ಕಳೆದುಕೊಂಡ ಮಗಳು ಕೃತಕ ಕಾಲು ಹಾಕಿಕೊಂಡು ಮತ್ತೆ ಕೆಲಸಕ್ಕೆ ಹೊರಟಾಗಿನಿಂದ, ಆ ಕಾಲಿನ ಬೂಟಿನ ಭಾರವನ್ನು ಅವರು ಹೀಗೇ ಗ್ರಾಂ ಗ್ರಾಂ ಇಳಿಸುತ್ತಿದ್ದಾರೆ. ದಿನಾ ಬೆಳಿಗ್ಗೆ ಕಂಡಕ್ಟರ್ ಬಸ್ಸು ನಿಲ್ಲಿಸಿ, ಅವಳು ನಡೆದು ಬರುವವರೆಗೂ ಕಾಯುತ್ತಿದ್ದ. ಒಳಗಿನವರೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಅವಳು ಅತ್ತದ್ದು ಅದೊಂದಕ್ಕೇ. ಮೊನ್ನೆ ಬೆಳಿಗ್ಗೆ ನಾನು ಅಂಗಡಿಯಲ್ಲೇ ಕುಳಿತಿದ್ದಾಗ ಅವರಿಗೆ ಫೋನು ಬಂತು, ಸ್ಪೀಕರಿನಲ್ಲಿ ಮಗಳ ದನಿ. "ಅಪ್ಪಾ, ಇವತ್ತು ಬಸ್ಸು ನಂಗೆ ಕಾಯಲಿಲ್ಲ. ನಾನೇ ಬಸ್ಸಿಗೆ ಕಾದೆ!" ಚಕ್ರವರ್ತಿಗಳು "ಹ್ಞೂಂ ಮಗಳೇ" ಎಂದಷ್ಟೇ ಹೇಳಿ, ನನ್ನ ಕಡೆಗೆ ಬೆನ್ನು ಮಾಡಿ, ಆಗಲೇ ಗಾಳಿ ತುಂಬಿಟ್ಟಿದ್ದ ಟೈರಿಗೆ ಮತ್ತೆ ಗಾಳಿ ತುಂಬತೊಡಗಿದರು.