ಹೊಡೆಯುವವರ ಬಟ್ಟೆ

ನನ್ನ ಹೆಂಡತಿಯ ಅಣ್ಣ ನನ್ನನ್ನು ಮೊದಲ ಸಲ ಕಂಡ ದಿನ ನನ್ನ ಬಟ್ಟೆ ನೋಡಿ ಹೊಡೆದ. ಹಲ್ಲು ಮುರಿಯುವಂತೆ ಹೊಡೆದ. ಕೆಲವು ವರ್ಷ ಕಳೆದ ಮೇಲೆ ಅದೇ ಮನುಷ್ಯ, ನಾನು ಕೆಲಸ ಮಾಡುತ್ತಿದ್ದ ಜವಳಿ ಅಂಗಡಿಗೆ ಬಂದು, ನಿಮ್ಮಂಥವೇ ಬಟ್ಟೆ ನನಗೂ ಹೊಲಿಸಿಕೊಡಿ ಎಂದು ಕೇಳಿದ. ಎರಡು ಸಲವೂ ಅವನ ತಲೆಯಲ್ಲಿ ಇದ್ದದ್ದು ಒಂದೇ ಸಂಗತಿ. ಅವನಿಗೆ ಮಗು ಬೇಕಾಗಿತ್ತು. ಬಟ್ಟೆಗೂ ಮಗುವಿಗೂ ಏನು ಸಂಬಂಧ ಎಂದು ಕೇಳುವವರು ಆ ಕಾಲದಲ್ಲಿ ನಮ್ಮ ಕಡೆ ಇದ್ದವರಲ್ಲ.

ಬಟ್ಟೆಯ ಹುಚ್ಚು ನನಗೆ ಹತ್ತಿದ್ದು ಚಿತ್ರದುರ್ಗದಲ್ಲಿ. ನಮ್ಮದು ಹೊಸದುರ್ಗದ ಕಡೆ, ಬಾಗೂರಿನ ಹತ್ತಿರದ ಹಳ್ಳಿ. ಕುರಿ ಕಾಯುವ ಮನೆ. ಅಪ್ಪನಿಗೆ ಮೊಣಕಾಲಿಗೆ ಬರುವ ಪಂಚೆ, ತಲೆಗೆ ರುಮಾಲು, ಹೆಗಲಿಗೆ ಕರಿ ಕಂಬಳಿ. ನಾನು ಹತ್ತನೇ ಕ್ಲಾಸಿಗೆ ಮಂಗಳ ಹಾಡಿ ದುರ್ಗದ ಜವಳಿ ಅಂಗಡಿಗೆ ಸೇರಿಕೊಂಡೆ. ದಿನವಿಡೀ ಥಾನು ಬಿಚ್ಚುವುದು, ಅಳೆಯುವುದು, ಮಡಿಸುವುದು. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿಯೇ ಅದು ಎಷ್ಟು ಒಗೆತ ತಡೆದೀತು ಎಂದು ಹೇಳುವಷ್ಟು ಪಳಗಿದೆ. ಮೊದಲ ಸಂಬಳ ಕೂಡಿಟ್ಟು ಒಂದು ಬೂದು ಬಣ್ಣದ ಪ್ಯಾಂಟು ಹೊಲಿಸಿದೆ, ಒಂದು ಬಿಳಿ ಪಾಪ್ಲಿನ್ ಅಂಗಿ ಹೊಲಿಸಿದೆ. ಅದನ್ನು ಹಾಕಿಕೊಂಡು ಊರಿಗೆ ಹೋದೆ. ಅಪ್ಪ ಕುರಿ ಹಟ್ಟಿಯ ಬಾಗಿಲಲ್ಲಿ ನಿಂತಿದ್ದ.

ಅಪ್ಪ ಕೈಯಲ್ಲಿದ್ದ ಕೋಲನ್ನು ತಿರುಗಿಸಿ ಮೊಣಕಾಲ ಹಿಂಬದಿಗೆ ಬೀಸಿದ. ನಾನು ಸಗಣಿಯಲ್ಲಿ ಬಿದ್ದೆ. ಏಳುವ ಹೊತ್ತಿಗೆ ಇನ್ನೊಂದು ಬಿತ್ತು.

‘ಬಿಚ್ಚಲೇ ಅದನ್ನ,’ ಎಂದ. ‘ಅದು ಹೊಡೆಯೋರ ಬಟ್ಟೆ ಕಣಲೇ. ನಮ್ದಲ್ಲ.’

ಅಪ್ಪನ ಮಾತಿಗೆ ಅರ್ಥವಿತ್ತು. ಸರ್ಕಾರದ ಕಾವಲಿನ ಹುಲ್ಲಿಗೆ ಕುರಿ ಬಿಟ್ಟರೆ ಬಂದು ಬೆಲ್ಟು ಬಿಚ್ಚಿ ಬಾರಿಸಿ, ಒಳ್ಳೆಯ ಟಗರು ನೋಡಿ ಎಳೆದುಕೊಂಡು ಹೋಗುತ್ತಿದ್ದವರು ಪ್ಯಾಂಟು ಹಾಕಿದವರೇ. ಅಪ್ಪನ ಬೆನ್ನಿನ ಮೇಲೆ ಒಂದು ಬೆಲ್ಟಿನ ಬಕಲಿನ ಗುರುತು ಸಾಯುವವರೆಗೂ ಇತ್ತು. ಪ್ಯಾಂಟು ಹಾಕಿದವನು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗನಾದರೂ ಅಪ್ಪನ ಕೈ ಸುಮ್ಮನಿರಲಿಲ್ಲ. ನಾನೂ ಅಪ್ಪನ ಮಗನೇ. ಬಿಚ್ಚಲಿಲ್ಲ. ಸಗಣಿ ಒಣಗಿದ ಪ್ಯಾಂಟಿನಲ್ಲೇ ಉಂಡು, ಅದರಲ್ಲೇ ಬಸ್ಸು ಹತ್ತಿದೆ.

ಆಮೇಲಿನ ವರ್ಷಗಳಲ್ಲಿ ಊರಿನ ಹುಡುಗರೆಲ್ಲ ಪ್ಯಾಂಟಿಗೆ ಬಂದರು, ಅಪ್ಪನ ಕೋಪ ಗೊಣಗಾಟಕ್ಕೆ ಇಳಿಯಿತು. ಆದರೆ ಆಗ ಬಂದದ್ದು ಬೆಲ್‌ಬಾಟಮ್ಮು. ನೆಲ ಗುಡಿಸುವ ಪ್ಯಾಂಟು, ಕಿವಿ ಮುಚ್ಚುವ ಕೂದಲು, ಹಲಸಿನ ಎಲೆಯಗಲದ ಕಾಲರು, ಮೈತುಂಬ ಹೂವಿನ ಅಂಗಿ. ಅಂಗಡಿಯಲ್ಲಿ ಅದನ್ನೇ ಹೊಗಳಿ ಹೊಗಳಿ ಮಾರಿದೆ. ನಾನು ಮಾತ್ರ ಮೈಗೆ ಸೋಕಿಸಲಿಲ್ಲ. ಹೆಗಲಿನ ಹೊಲಿಗೆ ಹೆಗಲಿನ ಮೂಳೆಯ ಮೇಲೇ ಕೂರಬೇಕು. ತುಂಬುತೋಳು ಮಣಿಕಟ್ಟಿಗೆ ನಿಲ್ಲಬೇಕು. ಪ್ಯಾಂಟು ನೆಟ್ಟಗೆ ಇಳಿದು ಬೂಟಿನ ಮೇಲೆ ಒಂದೇ ಒಂದು ಮಡಿಕೆ ಬೀಳಬೇಕು. ಬೂಟಿಗೆ ಪಾಲಿಶು, ಅಂಗಿಗೆ ಹದವಾದ ಗಂಜಿ, ಇಸ್ತ್ರಿ ನಾನೇ ಹಾಕಿದ್ದು. ಎರಡೇ ಜೊತೆ ಇದ್ದರೂ ಸರಿ, ನಾಳೆ ಫ್ಯಾಶನ್ನು ಬದಲಾದಾಗ ನನ್ನ ಫೋಟೋ ನೋಡಿ ಯಾರೂ ನಗಬಾರದು. ಇದು ನನ್ನ ಹಟ. ಗೆಳೆಯರು ನನ್ನನ್ನು ‘ತಾಲೂಕು ಆಫೀಸು’ ಎಂದು ಕರೆದು ರೇಗಿಸುತ್ತಿದ್ದರು. ಆ ಹೆಸರೇ ನನ್ನ ಹಲ್ಲು ತೆಗೆಯುತ್ತದೆಂದು ಯಾರಿಗೆ ಗೊತ್ತಿತ್ತು!

ತುರ್ತು ಪರಿಸ್ಥಿತಿಯ ಕಾಲ. ಹಿರಿಯೂರು ತಾಲೂಕಿನಲ್ಲಿ, ಜವನಗೊಂಡನಹಳ್ಳಿಯಿಂದ ಒಳಗೆ ನಡೆದು ಹೋಗುವ ಒಂದು ಹಳ್ಳಿಯಲ್ಲಿ ನನಗೆ ಹೆಣ್ಣು ನೋಡಿದ್ದರು. ಅಪ್ಪ ನಾನು ಇಬ್ಬರೇ ಹೊರಟೆವು. ನಾನು ನನ್ನ ಅತ್ಯುತ್ತಮ ಜೊತೆ ಹಾಕಿಕೊಂಡಿದ್ದೆ: ಬಿಳಿ ಅಂಗಿ ಒಳಗೆ ಸಿಗಿಸಿ, ಕಂದು ಬೆಲ್ಟು ಬಿಗಿದು, ಕರಿ ಬೂಟು. ಊರು ಇನ್ನೇನು ಬಂತು ಎನ್ನುವಾಗ ದಾರಿಯ ಪಕ್ಕ ಯಾರದೋ ಕುರಿಮಂದೆ ಮೇಯುತ್ತಿತ್ತು. ಅಪ್ಪನಿಗೆ ಮಗನ ಮದುವೆ ಮರೆತುಹೋಯಿತು. ಒಂದು ಟಗರಿನ ಬಾಯಿ ಅಗಲಿಸಿ ಹಲ್ಲು ನೋಡುತ್ತ, ಕುರಿ ಕಾಯುವವನ ಜೊತೆ ಮಾತಿಗೆ ನಿಂತ. ‘ನೀನು ನಡೀತಿರಲೇ, ಬಂದೆ,’ ಎಂದ. ಬೂಟು ಧೂಳಾಗುತ್ತದೆಂದು ನಾನು ಮುಂದೆ ನಡೆದೆ.

ಊರ ಮುಂದಿನ ಕಟ್ಟೆಯಲ್ಲಿ ಕುಳಿತಿದ್ದ ಗಂಡಸರು ನನ್ನನ್ನು ಕಂಡದ್ದೇ ಎದ್ದರು. ಗೌರವ ಕೊಡುತ್ತಿದ್ದಾರೆ ಎಂದುಕೊಂಡೆ. ಮರುಗಳಿಗೆಯಲ್ಲಿ ಅವರೆಲ್ಲ ಜಾಲಿ ಗಿಡಗಳ ಕಡೆ ಓಟ ಕಿತ್ತರು. ಒಬ್ಬ ಮುದುಕನಂತೂ ಪಂಚೆ ಕಳಚಿ ಬಿದ್ದರೂ ತಿರುಗಿ ನೋಡಲಿಲ್ಲ. ನಾನು ಪೆದ್ದನ ಹಾಗೆ ಕರ್ಚೀಫು ತೆಗೆದು ಮುಖ ಒರೆಸಿಕೊಳ್ಳುತ್ತ ನಿಂತೆ. ಆಗ ಕಲ್ಲು ಬಂತು. ಕಿವಿಯ ಮೇಲೆ ಬಿತ್ತು. ಹಿಂದೆಯೇ ಗುದ್ದಲಿ ಕಾವು ಹಿಡಿದ ಒಬ್ಬ ಗಂಡಾಳು ಬಂದ. ಭುಜಕ್ಕೊಂದು, ಪಕ್ಕೆಗೊಂದು ಕೊಟ್ಟ. ಬಿದ್ದವನ ಮೇಲೆ ಕುಳಿತು, ಕಾವು ಬಿಸಾಕಿ, ಕೈಯಲ್ಲೇ ಗುದ್ದತೊಡಗಿದ.

‘ಇನ್ಯಾರನ್ನ ಎಳಕಂಡು ಹೋಗಾಕೆ ಬಂದೀಯಲೇ? ಇನ್ಯಾರು ಉಳಿದವ್ರೆ? ಹೇಳಲೇ!’

ಹೇಳುವುದಕ್ಕೆ ಬಾಯಿ ಎಲ್ಲಿತ್ತು? ಬಾಯಿತುಂಬ ರಕ್ತ. ಓಡಿಹೋದವರು ಒಬ್ಬೊಬ್ಬರಾಗಿ ಧೈರ್ಯ ಮಾಡಿ ತಿರುಗಿ ಬಂದು ಒದ್ದರು. ಒಬ್ಬ ನನ್ನ ಬೂಟು ಕಿತ್ತು ಅದರಲ್ಲೇ ನನ್ನ ಮುಖಕ್ಕೆ ಬಾರಿಸಿದ. ಬೆಳಿಗ್ಗೆ ನಾನೇ ಹಚ್ಚಿದ್ದ ಪಾಲಿಶಿನ ವಾಸನೆ ರಕ್ತದ ಜೊತೆ ಮೂಗಿಗೆ ಬಡಿಯಿತು. ಸಾಯುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು.

ಆಗ ಅಪ್ಪನ ಕೂಗು ಕೇಳಿಸಿತು. ಕಂಬಳಿ ಹಾರಿಸಿಕೊಂಡು ಓಡಿ ಬಂದವನು ಕೋಲು ಬೀಸಿ ಇಬ್ಬರನ್ನು ಕೆಡವಿದ. ‘ನನ್ ಮಗನ್ನ ಹೊಡಿಯೋದಿದ್ರೆ ನಾನು ಹೊಡಿತೀನಿ! ನೀವ್ಯಾರಲೇ ಮುಟ್ಟಾಕೆ?’ ಕಂಬಳಿ ಕಂಡದ್ದೇ ಅವರ ಕೈಗಳು ಇಳಿದವು. ನನ್ನ ಎದೆಯ ಮೇಲೆ ಕುಳಿತಿದ್ದವನು ಅಪ್ಪನನ್ನು ನೋಡಿದ, ನನ್ನನ್ನು ನೋಡಿದ.

‘ಹೆಣ್ ನೋಡಾಕೆ ಬಂದೋರಾ?’ ಎಂದ.

ಹುಡುಗಿಯ ಅಣ್ಣ ಅವನೇ.

ಅವರ ಮನೆಯ ಪಡಸಾಲೆಯಲ್ಲಿ ನನ್ನನ್ನು ಮಲಗಿಸಿದರು. ಅಪ್ಪ ಹಲ್ಲು ಕಡಿಯುತ್ತ, ‘ಏಳಲೇ, ಹೋಗಾಣ, ಈ ಮನೆ ನೀರೂ ಬ್ಯಾಡ,’ ಎನ್ನುತ್ತಿದ್ದ. ಹುಡುಗಿಯ ಅಣ್ಣ ಬಾಗಿಲ ಬಳಿ ಕುಕ್ಕರಗಾಲಲ್ಲಿ ಕುಳಿತು, ನನ್ನ ಮುಖ ನೋಡದೆ ಹೇಳಿದ.

‘ಹಿರಿಯೂರ ಸಂತೆಗೆ ಕುರಿ ಹೊಡಕಂಡು ಹೋಗಿದ್ದೆ. ಜೀಪು ಬಂತು. ಇಳಿದೋನು ನಿಮ್ಮಂಗೇ ಇದ್ದ ನೋಡ್ರಿ. ಬಿಳಿ ಅಂಗಿ, ಒಳೀಕೆ ಸಿಗಿಸಿದ್ದ, ಬೆಲ್ಟು, ಬೂಟು. ಬಾರಪ್ಪ, ಹತ್ತಪ್ಪ ಅಂತ ಚೆಂದಾಗೇ ಕರೆದ. ಮದ್ವೆಯಾಗಿ ವರ್ಷ ಆಗಿಲ್ಲ ಸಾಮಿ, ಒಂದು ಕೂಸೂ ಆಗಿಲ್ಲ ಅಂತ ಕಾಲು ಹಿಡಕಂಡೆ. ಎಲ್ರೂ ಹಂಗೇ ಅಂತಾರೆ ಅಂದ. ಇಬ್ರು ರಟ್ಟೆ ಹಿಡಕಂಡ್ರು. ಮಕ್ಳಾಗದಂಗೆ ಆಪ್ರೇಸನ್ ಮಾಡಿ, ಸಂಜೀಕೆ ತಂದು ರೋಡಲ್ಲಿ ಇಳಿಸಿದ್ರು. ಆಮ್ಯಾಗೆ ಕೀವಾಗಿ ತಿಂಗಳಗಟ್ಲೆ ಮಲಗಿದ್ದೆ.’

ಅಪ್ಪ ಹಲ್ಲು ಕಡಿಯುವುದನ್ನು ನಿಲ್ಲಿಸಿದ. ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಅಯ್ಯೋ ಪಾಪ ಎನ್ನಿಸಿತು ನಿಜ, ಅದರ ಜೊತೆಗೇ ಎದ್ದು ಅವನ ಮೂಗು ಒಡೆಯಬೇಕು ಎಂದೂ ಅನ್ನಿಸಿತು. ಬೆಲ್‌ಬಾಟಮ್ಮು, ಹೂವಿನ ಅಂಗಿ ಹಾಕಿಕೊಂಡು ಬಂದಿದ್ದರೆ ಆ ಊರಲ್ಲಿ ಒಬ್ಬನೂ ನನ್ನನ್ನು ಮುಟ್ಟುತ್ತಿರಲಿಲ್ಲ. ಅಷ್ಟು ವರ್ಷ ಕಣ್ಣಲ್ಲಿ ಕಣ್ಣಿಟ್ಟು ರೂಪಿಸಿಕೊಂಡ ನನ್ನ ಉಡುಪು ಯಾರೋ ಒಬ್ಬ ಕಟುಕನ ಉಡುಪೂ ಆಗಿತ್ತು.

ಹುಡುಗಿ ನೀರು ತಂದಿಟ್ಟಳು. ನನ್ನ ಮುಖವನ್ನಲ್ಲ, ಅಂಗಿಯನ್ನು ನೋಡಿದಳು. ‘ಬಿಸಿನೀರಿಗೆ ಹಾಕ್ಬ್ಯಾಡ್ರಿ, ರಕ್ತ ಕಚ್ಕಂತೈತೆ. ತಣ್ಣೀರಲ್ಲಿ ನೆನೆ ಹಾಕ್ರಿ,’ ಎಂದಳು. ಊದಿಕೊಂಡ ತುಟಿಯಲ್ಲೇ ಅಪ್ಪನಿಗೆ ಹೇಳಿದೆ, ಮದುವೆಯಾದರೆ ಇವಳನ್ನೇ ಎಂದು.

ಮದುವೆಯಾಯಿತು. ಆ ಕಡೆ ಹೋಗುವಾಗಲಾದರೂ ಪಂಚೆ ಉಟ್ಟುಕೋ ಎಂದು ಎಲ್ಲರೂ ಬುದ್ಧಿ ಹೇಳಿದರು. ನಾನು ಕೇಳಲಿಲ್ಲ. ಏಟಿಗೆ ಹೆದರಿ ಬಟ್ಟೆ ಬದಲಿಸಿದರೆ ಆ ಜೀಪಿನವನಿಗೆ ನನ್ನ ಅಂಗಿಯನ್ನೂ ಬಿಟ್ಟುಕೊಟ್ಟ ಹಾಗೆ. ಮೊದಲೆರಡು ಸಲ ಆ ಊರಿನ ಮಕ್ಕಳು ಅತ್ತವು, ಹೆಂಗಸರು ಬಾಗಿಲು ಹಾಕಿಕೊಂಡರು. ಆಮೇಲೆ ಅದೇ ಕಟ್ಟೆಯಲ್ಲಿ ನನಗೆ ಜಾಗ ಬಿಟ್ಟುಕೊಟ್ಟರು. ಇವತ್ತಿಗೂ ನನ್ನದು ಅದೇ ಬಿಳಿ ಅಂಗಿ, ಅದೇ ನೇರ ಪ್ಯಾಂಟು.

ತುರ್ತು ಪರಿಸ್ಥಿತಿ ಹೋಗಿ ಒಂದೆರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಹೆಂಡತಿಯ ಅಣ್ಣ ಅಂಗಡಿಗೆ ಬಂದ. ವಯಸ್ಸಿನಲ್ಲಿ ನನಗಿಂತ ದೊಡ್ಡವನು. ನಾನು ಅವನಿಗೆ ಬಾವ ಎನ್ನುತ್ತಿದ್ದೆ, ಅವನೂ ನನಗೆ ಬಾವ ಎನ್ನುತ್ತಿದ್ದ. ಮಕ್ಕಳಾಗುವುದಿಲ್ಲವೆಂದು ಅವನ ಹೆಂಡತಿಯ ತವರಿನವರು ಅವಳನ್ನು ಕರೆದೊಯ್ದು ಬೇರೆಯವನಿಗೆ ಕೊಡುವ ಮಾತು ಎತ್ತಿದ್ದರು. ಅವಳು ಹೋಗಲು ಒಪ್ಪಿರಲಿಲ್ಲ. ಕಡಿದದ್ದನ್ನು ಮತ್ತೆ ಕೂಡಿಸುವ ಡಾಕ್ಟರು ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ಇದ್ದಾರೆಂದು ಇವನಿಗೆ ಯಾರೋ ಹೇಳಿದ್ದರು. ಇವನು ಹೋಗಿದ್ದ. ಗೇಟಿನವನು ಕುತ್ತಿಗೆಗೆ ಕೈ ಹಾಕಿ ಹೊರಗೆ ತಳ್ಳಿದ್ದ. ಮತ್ತೆ ಹೋಗಿದ್ದ. ಮತ್ತೆ ತಳ್ಳಿದ್ದ.

‘ನಿಮ್ಮಂಥ ಬಟ್ಟೆ ಇದ್ರೆ ಒಳೀಕೆ ಬಿಡ್ತಾರೆ ಬಾವ. ಡಾಕ್ಟ್ರು ಕುಂತ್ಕ ಅಂತಾರೆ. ಕುಂತ್ಕಂಡು ಕೇಳಬೇಕು ಇದನ್ನ. ನಿಂತ್ಕಂಡು ಕೇಳೋ ಮಾತಲ್ಲ.’

ಅಳತೆ ನಾನೇ ತೆಗೆದೆ. ಟೇಪು ಸೊಂಟಕ್ಕೆ ಬಂದಾಗ ಅವನ ಮೈಯೆಲ್ಲ ಬಿಗಿಯಿತು. ಗುದ್ದಲಿ ಹಿಡಿದು ಬೆಳೆದ ಭುಜ. ಹೆಗಲಿನ ಹೊಲಿಗೆ ಕೂರಿಸಲು ದರ್ಜಿಗೆ ಹರಸಾಹಸವಾಯಿತು. ಬಿಳಿ ಅಂಗಿ, ಕಡುನೀಲಿ ಪ್ಯಾಂಟು, ಬೆಲ್ಟು, ಬೂಟು. ಗುಂಡಿ ಹೇಗೆ ಹಾಕುವುದು, ಕೂರುವಾಗ ಮೊಣಕಾಲ ಬಳಿ ಪ್ಯಾಂಟನ್ನು ಹೇಗೆ ಸ್ವಲ್ಪ ಎತ್ತಿಕೊಳ್ಳುವುದು, ಎಲ್ಲ ಕಲಿಸಿದೆ. ಎಲ್ಲ ಹಾಕಿಸಿ ಕನ್ನಡಿಯ ಮುಂದೆ ನಿಲ್ಲಿಸಿದೆ. ಕನ್ನಡಿ ನೋಡಿದ್ದೇ ಅವನ ಮುಷ್ಟಿ ಬಿಗಿದು ಮೇಲೆದ್ದಿತು. ನಾನು ರಟ್ಟೆ ಹಿಡಿಯದಿದ್ದರೆ ಅಂಗಡಿಯ ಕನ್ನಡಿ ಅವತ್ತು ಪುಡಿಯಾಗುತ್ತಿತ್ತು.

‘ಆ ಜೀಪಿನೋನೇ ಬಂದು ನಿಂತಂಗೆ ಆತು ಬಾವ,’ ಎಂದ.

ಆಸ್ಪತ್ರೆಗೆ ಇಬ್ಬರೂ ಹೋದೆವು. ಗೇಟಿನವನು ಎದ್ದು ನಿಂತು ಸಲಾಮು ಹೊಡೆದ. ಹೊರಗೆ ಪಂಚೆ ಉಟ್ಟವರ ಸಾಲು ಕಾಯುತ್ತಿದ್ದರೂ ನಮ್ಮನ್ನು ನೇರ ಒಳಗೆ ಬಿಟ್ಟರು. ಡಾಕ್ಟರು ತಲೆ ಎತ್ತಿ ನೋಡಿದರು, ನಕ್ಕರು, ಕುರ್ಚಿ ತೋರಿಸಿದರು.

‘ಬನ್ನಿ, ಕೂತ್ಕೊಳ್ಳಿ. ಕೇಸ್ ತಂದಿದೀರಾ? ಎಷ್ಟು ಜನ? ಗಂಡಸರೋ ಹೆಂಗಸರೋ?’

ಬಟ್ಟೆ ನೋಡಿ ನಮ್ಮನ್ನು ಆಪರೇಷನ್ನಿಗೆ ಜನರನ್ನು ಹಿಡಿದು ತರುವವರು ಎಂದೇ ತಿಳಿದಿದ್ದರು. ಬಾವ ಕುರ್ಚಿಯಲ್ಲಿ ಕುಳಿತ. ಮೊಣಕಾಲ ಬಳಿ ಪ್ಯಾಂಟು ಎತ್ತಿಕೊಂಡ, ಕಲಿಸಿದ ಹಾಗೇ.

‘ಗಂಡಸು ಸಾ,’ ಎಂದ. ‘ಒಬ್ನೇ. ನಾನೇ.’

ಎದ್ದು ಬೆಲ್ಟು ಬಿಚ್ಚಿದ.

ಡಾಕ್ಟರ ನಗು ಆರಿತು. ಪರದೆಯ ಹಿಂದೆ ಕರೆದೊಯ್ದು ನೋಡಿದರು. ಹೊರಗೆ ಬಂದು ಕೈ ತೊಳೆಯುತ್ತ ಹೇಳಿದರು: ಕೂಡಿಸಲು ಬರುವುದಿಲ್ಲ, ಕೀವಾಗಿ ಒಳಗೆಲ್ಲ ಹಾಳಾಗಿದೆ, ಇನ್ನು ಎಲ್ಲಿಗೂ ಅಲೆಯಬೇಡಿ. ಕೆಟ್ಟ ಮಾತೇನೂ ಆಡಲಿಲ್ಲ. ಮೆತ್ತಗೇ ಹೇಳಿದರು.

ಬಾವ ಬೆಲ್ಟು ಬಿಗಿದುಕೊಂಡ. ಅಂಗಿಯನ್ನು ಒಳಗೆ ಸರಿಯಾಗಿ ಸಿಗಿಸಿಕೊಂಡ. ಆಮೇಲೆ ತಾನು ಕುಳಿತಿದ್ದ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಅಪ್ಪಳಿಸಿದ. ಗಾಜು ಒಡೆಯಿತು, ಕುರ್ಚಿಯ ಕಾಲು ಮುರಿಯಿತು, ಮುರಿದ ಕಾಲಲ್ಲೇ ಔಷಧಿಯ ಬೀರುವನ್ನು ಬಡಿದ. ಆಳುಗಳು ಓಡಿಬಂದು ಅವನ ಮೇಲೆ ಬಿದ್ದರು. ಒಬ್ಬ ಅವನ ಅಂಗಿ ಹಿಡಿದು ಎಳೆದ; ಹೊಲಿಗೆ ಹೆಗಲಿನಿಂದ ಸೊಂಟದವರೆಗೆ ಬಿಚ್ಚಿಕೊಂಡ ಸದ್ದು ನನಗೆ ಕೇಳಿಸಿತು. ಈ ಬಟ್ಟೆ ಹಾಕಿಕೊಂಡು ಯಾರ ಮೇಲೂ ಕೈ ಮಾಡಬಾರದು ಎಂದು ಅಷ್ಟು ವರ್ಷ ತಡೆದುಕೊಂಡಿದ್ದೆ. ಆ ಆಳಿನ ದವಡೆಗೆ ಗುದ್ದಿದೆ. ಅವನು ಬಿದ್ದ ಮೇಲೂ ಒದ್ದೆ, ಪಾಲಿಶು ಹಾಕಿದ ಬೂಟಿನಲ್ಲೇ ಒದ್ದೆ. ಹಿತವಾಗಿತ್ತು. ಕೊನೆಗೆ ಡಾಕ್ಟರೇ ಕೂಗಿ ಎಲ್ಲರನ್ನೂ ಬಿಡಿಸಿ, ಪೊಲೀಸರನ್ನು ಕರೆಯಬೇಡಿ, ಇವರನ್ನು ಹೋಗಲು ಬಿಡಿ ಎಂದರು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನನ್ನು ಕೂರಿಸಿದೆ. ಅಂಗಿಯ ಒಂದು ತೋಳು ಇರಲಿಲ್ಲ. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು, ಅವನು ಒರೆಸಿಕೊಳ್ಳಲಿಲ್ಲ. ಹಿರಿಯೂರು ಹತ್ತಿರ ಬಂದಾಗ ನನ್ನ ಕಡೆ ತಿರುಗಿದ.

‘ನನ್ ಹೆಂಡ್ತಿ ಬಾಗಿಲಾಗೇ ಕಾಯ್ತಾ ಕುಂತಿರ್ತಾಳೆ. ಏನಂತ ಹೇಳ್ಲಿ ಬಾವ? ಕುರ್ಚಿ ಕೊಟ್ರು ಅಂತ ಹೇಳ್ಲಾ?’