ಏಳು ಗಿಳಿಗಳ ಬಟ್ಟೆ ಮತ್ತು ಜಟ್ಟಿಂಗಪ್ಪನ ಸೊಲ್ಯೂಷನ್

ಕೋಣಂದೂರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಜಟ್ಟಿಂಗಪ್ಪನಿಗೆ ಲೋಕದಲ್ಲಿ ಕಿತ್ತುಹೋದದ್ದೆಲ್ಲ ಪಂಚರ್ ಆಗಿಯೇ ಕಾಣುತ್ತಿತ್ತು. ಚಪ್ಪಲಿಯ ಅಟ್ಟೆ, ಕೊಡೆಯ ಬಟ್ಟೆ, ಮಕ್ಕಳ ಪಾಟಿಚೀಲ, ಎಲ್ಲಕ್ಕೂ ಅವನದು ಒಂದೇ ಮದ್ದು: ಟ್ಯೂಬಿಗೆ ಹಚ್ಚುವ ಸೊಲ್ಯೂಷನ್. ಒಮ್ಮೆ ನನ್ನ ಪಂಚಾಂಗದ ರಟ್ಟನ್ನೂ ಅಂಟಿಸಿಕೊಟ್ಟ. ಆ ವರ್ಷ ಯುಗಾದಿಯಿಂದ ಶ್ರಾವಣದವರೆಗಿನ ಹಾಳೆಗಳು ಬಿಚ್ಚಲೇ ಇಲ್ಲ. ಎದುರು ಮನೆಯವನಾದ ತಪ್ಪಿಗೆ ಸಹಿಸಿಕೊಂಡೆ.

೧೯೬೧ರಲ್ಲಿ ಅವನ ಅತ್ತೆ ತೀರಿಕೊಂಡರು. ಹೆಂಡತಿ ದುರ್ಗಮ್ಮನಿಗೆ ತಾಯಿಯಿಂದ ಉಳಿದದ್ದು ಒಂದೇ: ಆಕೆ ಕೈಯಾರೆ ಕಸೂತಿ ಹಾಕಿದ ಏಳು ಗಿಳಿಗಳ ಬಟ್ಟೆ. ಹೆಂಡತಿ ಸಂತೋಷಪಡಲಿ ಎಂದು ಜಟ್ಟಿಂಗಪ್ಪ ಅದನ್ನು ಹಲಗೆಗೆ ಅಂಟಿಸಿ ಗೋಡೆಗೆ ತೂಗುಹಾಕಿದ. ಆರು ವರ್ಷದಲ್ಲಿ ಅಂಟು ಕೆಟ್ಟು ಕಂದುಬಣ್ಣಕ್ಕೆ ತಿರುಗಿ, ಗಿಳಿಗಳ ಮೈಮೇಲೆ ಕಾಫಿ ಚೆಲ್ಲಿದಂತೆ ಕಲೆ ಎದ್ದಿತು. ಬಟ್ಟೆ ಹಪ್ಪಳದ ಹಾಗೆ ಸೆಟೆದುಕೊಂಡಿತು.

"ನನ್ನ ಅವ್ವನ್ನ ಆ ಹಲಗೆಯಿಂದ ಬಿಡ್ಸಿಕೊಡಿ," ಎಂದಳು ದುರ್ಗಮ್ಮ.

ನೀರು ಸೋಕಿದರೆ ಕೆಂಪು ನೂಲು ಬಣ್ಣ ಬಿಡುತ್ತಿತ್ತು. ಹಾಗಾಗಿ ಅವನು ಬ್ಲೇಡಿನಿಂದ ಬಟ್ಟೆಯನ್ನು ಮೆಲ್ಲಗೆ ಎಬ್ಬಿಸಿ, ಹಿಂಬದಿಗೆ ಪೆಟ್ರೋಲಿನ ಹತ್ತಿ ಒತ್ತಿ, ಮೆತ್ತಗಾದ ಅಂಟನ್ನು ಬೆರಳ ತುದಿಯಲ್ಲಿ ಉರುಟಿ ತೆಗೆಯತೊಡಗಿದ. ಪೆಟ್ರೋಲಿನ ಹತ್ತಿರ ಬೀಡಿ ಹಚ್ಚುವಂತಿಲ್ಲ. ಅವನು ಬದುಕಿನಲ್ಲಿ ಮಾಡಿದ ದೊಡ್ಡ ತ್ಯಾಗ ಅದೇ.

ಮೊದಲ ಗಿಳಿಯ ಬಾಲದ ಅಂಟು ಬಿಟ್ಟಿತು. ಜೊತೆಗೆ ಬಾಲವೂ ಬಿಟ್ಟಿತು.

ಕಾರಣ ಅವನೊಬ್ಬನಿಗೇ ಗೊತ್ತಿತ್ತು. ತೇಪೆ ಹಾಕುವ ಮುಂಚೆ ಟ್ಯೂಬನ್ನು ಅರದಿಂದ ಉಜ್ಜುವುದು ಅವನ ಕಸುಬಿನ ನೇಮ. ಅತ್ತೆಯ ಬಟ್ಟೆಯ ಹಿಂಬದಿಯನ್ನೂ ಶ್ರದ್ಧೆಯಿಂದ ಉಜ್ಜಿದ್ದ. ನೂಲೆಲ್ಲ ಅಂದೇ ಹರಿದಿತ್ತು; ಇಷ್ಟು ದಿನ ಗಿಳಿಗಳನ್ನು ಹಿಡಿದಿಟ್ಟದ್ದು ಆ ಹಾಳು ಅಂಟೇ.

ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಹೇಳಿಯೇಬಿಟ್ಟ.

"ನಾನು ಅರ ಹಾಕಿದ್ದೆ ಕಣೇ. ಕೈ ರೂಢಿ, ಉಜ್ಜಿಬಿಟ್ಟೆ."

"ನನ್ನ ಅವ್ವ ಎಂತ ಟ್ಯೂಬಾ ನಿಮಗೆ?" ಎಂದು ಒಳಗೆ ಹೋದ ದುರ್ಗಮ್ಮ, ಕಣ್ಣೊರೆಸಿಕೊಂಡು ಸೂಜಿದಾರದೊಂದಿಗೆ ಬಂದಳು. ಅವನು ಅಕ್ಕಿಕಾಳಿನಷ್ಟು ಅಂಟು ಬಿಡಿಸಬೇಕು, ಅವಳು ಆ ಜಾಗವನ್ನು ಹೊಲಿಯಬೇಕು. ಬೇಸಿಗೆಯಿಡೀ ಇಬ್ಬರೂ ಒಂದೇ ಬಟ್ಟೆಯ ಮೇಲೆ ತಲೆ ಬಗ್ಗಿಸಿ ಕೂತರು. ಮದುವೆಯಾದಾಗಿನಿಂದ ಅವರು ಅಷ್ಟು ಹೊತ್ತು ಹತ್ತಿರ ಕೂತದ್ದನ್ನು ನಾನಂತೂ ಕಂಡಿರಲಿಲ್ಲ. ರಿಪೇರಿಗೆ ಬಿಟ್ಟಿದ್ದ ನನ್ನ ಸೈಕಲ್ ಅವನ ಅಂಗಡಿಯಲ್ಲೇ ಕೊಳೆಯಿತು.

ಕೊನೆಗೆ ಏಳನೆಯ ಗಿಳಿಯ ಕಣ್ಣು ಮಾತ್ರ ಉಳಿಯಿತು. ಅವನು ಹತ್ತಿ ಅದ್ದುವಾಗ ದುರ್ಗಮ್ಮ ಕೈ ಹಿಡಿದಳು.

"ಇದೊಂದು ಬಿಡಿ. ಉಳಿದಿದ್ದೆಲ್ಲ ಈಗ ನನ್ನ ಹೊಲಿಗೆ ಆಯ್ತು. ಅವ್ವ ಹಾಕಿದ ಹಾಗೇ ಇರೋದು ಇದೊಂದೇ ಕಣ್ಣು. ಅದೂ ನಿಮ್ಮ ಅಂಟಲ್ಲಿ."

ಸೊಲ್ಯೂಷನ್ನಿನ ಮಹಿಮೆ ಕೊಚ್ಚಿಕೊಳ್ಳಲು ಜಟ್ಟಿಂಗಪ್ಪನಿಗೆ ಅದಕ್ಕಿಂತ ಒಳ್ಳೆಯ ಸಮಯ ಎಂದೂ ಸಿಕ್ಕಿರಲಿಲ್ಲ. ಅವನು ಅತ್ತುಬಿಟ್ಟ.